ಚಿತ್ರ ಬಂದಿತು, ಧ್ವನಿಯೆಲ್ಲಿ?

ಪ್ರೊಜೆಕ್ಟರಿಗೆ ಲ್ಯಾಪ್‌ಟಾಪನ್ನು ಜೋಡಿಸಿದಾಗ ತೆರೆಯ ಮೇಲೆ ಚಿತ್ರವು ಮೂಡಿಯೂ ಧ್ವನಿಯು ಲ್ಯಾಪ್‌ಟಾಪಿನಲ್ಲೇ ಪಿಸುಗುಟ್ಟುವುದುಂಟು. ಯಂತ್ರವನ್ನು ದೂರುವ ಮೊದಲು ನಾವು ಕೇಬಲನ್ನು ನೋಡೋಣ.

1987ರಲ್ಲಿ ಐಬಿಎಂ ಸಂಸ್ಥೆಯು ತಂದ ವಿಜಿಎ ಜೋಡಣೆಗೆ 15 ಪಿನ್ನುಗಳು. ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ಒಂದೊಂದು ತಂತಿ, 0ಯಿಂದ 0.7 ವೋಲ್ಟಿನವರೆಗೆ ಏರಿಳಿಯುವ ವಿದ್ಯುತ್ತೇ ಆಯಾ ಬಣ್ಣದ ಪ್ರಖರತೆಯನ್ನು ತಿಳಿಸುವುದು. ಆದುದರಿಂದಲೇ ಕೆಂಪಿನ ತಂತಿಯು ಕಡಿದರೆ ಬಿಳಿಯ ಪುಟವೂ ಹಸಿರುಮಿಶ್ರಿತ ನೀಲಿಯಾಗಿ ತೋರುವುದು. ಇನ್ನೆರಡು ತಂತಿಗಳು ಗೆರೆ ಮತ್ತು ಚಿತ್ರಗಳ ಆರಂಭವನ್ನು ಸೂಚಿಸುತ್ತವೆ. ಧ್ವನಿಗೆ ಅಲ್ಲಿ ಎಡೆಯೇ ಇಲ್ಲ! ಅದಕ್ಕೆ ಬೇರೆಯೇ ತಂತಿ ಬೇಕು.

2002ರಲ್ಲಿ ರೂಪುಗೊಂಡ ಎಚ್‌ಡಿಎಂಐ ಚಿತ್ರ, ಧ್ವನಿಗಳೆರಡನ್ನೂ ಅಂಕಿಗಳ ರೂಪದಲ್ಲಿ ಒಂದೇ ಕೇಬಲಿನೊಳಗೆ ಒಯ್ಯುತ್ತದೆ. ಆಗಲೂ ಮೌನವೇ ಆದರೆ, ಲ್ಯಾಪ್‌ಟಾಪಿನ ಧ್ವನಿ ವ್ಯವಸ್ಥೆಯಲ್ಲಿ ಪ್ರೊಜೆಕ್ಟರನ್ನು ಆರಿಸಬೇಕು. ಪ್ರೊಜೆಕ್ಟರಿನಲ್ಲಿ ಸ್ಪೀಕರು ಉಂಟೇ ಎಂಬುದನ್ನೂ ನೋಡಬೇಕು.