ತಟ್ಟೆಯ ಮುಂದೆ ಜಗಳ ಬೇಡ, ಪುಟ್ಟಿ

ಚಾಮರಾಜಪುರಂ, ಮೈಸೂರು



ಮಗ ಬೆಳಿಗ್ಗೆ ಏನೂ ತಿನ್ನುವುದಿಲ್ಲ, ಮೊಬೈಲ್ ಕೈಗಿಟ್ಟರೆ ಮಾತ್ರ ಬಾಯಿ ತೆರೆಯುತ್ತಾನೆ ಎಂದು ಮೊನ್ನೆ ಬಂದಾಗ ಕಣ್ಣಲ್ಲಿ ನೀರು ತಂದುಕೊಂಡೆಯಲ್ಲ, ಅದಕ್ಕೇ ಈ ಕಾಗದ. ನಿನ್ನಂಥ ಎಷ್ಟೋ ತಾಯಿತಂದೆಯರ ಸಂಕಟವೂ ಇದೇ. ಅವರೂ ಓದಲಿ ಎಂದು ಎಲ್ಲರೆದುರೇ ಬರೆಯುತ್ತಿದ್ದೇನೆ.

ಬೆಳಗಿನ ಆ ಜಗಳ ಶುರುವಾಗುವುದು ಹಿಂದಿನ ರಾತ್ರಿ. ಹನ್ನೊಂದಕ್ಕೆ ಮಲಗಿದ ಮಗುವನ್ನು ಆರೂವರೆಗೆ ಎಬ್ಬಿಸಿ ಕೂರಿಸಿದರೆ ಹಸಿವು ಎಲ್ಲಿಂದ ಬರಬೇಕು? 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಎನ್ನುತ್ತಾರೆ ತಜ್ಞರು. ನಿನ್ನ ಮಗನಿಗೆ ಎಷ್ಟು ಸಿಗುತ್ತಿದೆ, ಲೆಕ್ಕ ಹಾಕು. ಬೇಗ ಮಲಗು ಎಂದು ಗದರಿದರೂ ಅವನಿಗೆ ನಿದ್ದೆ ಬಾರದು. ದಿನವಿಡೀ ಮೈ ದಣಿದಿದ್ದರೆ ತಾನೆ? ಸ್ಕೂಟರಿನಲ್ಲಿ ಶಾಲೆ, ಸ್ಕೂಟರಿನಲ್ಲಿ ಟ್ಯೂಷನ್, ಸಂಜೆ ಸೋಫಾ. ಆದ್ದರಿಂದ ಊಟದ ವಿಷಯ ಸದ್ಯಕ್ಕೆ ಬಿಡು, ಕಾಲಿನಿಂದ ಶುರು ಮಾಡು. ಅವನನ್ನು ನಡೆಸು.

ನಿಮ್ಮ ಮನೆಯಿಂದ ಶಾಲೆಗೆ ಹತ್ತು ನಿಮಿಷದ ದಾರಿ. ನಮ್ಮ ಚಾಮರಾಜಪುರಂನಲ್ಲಿ ಯಾವುದು ತಾನೆ ದೂರ? ರೈಲ್ವೆ ಸ್ಟೇಷನ್, ಕೃಷ್ಣರಾಜ ಬುಲೆವಾರ್ಡಿನ ಮರಗಳ ಸಾಲು, ಮಹಾರಾಜ ಕಾಲೇಜು. ಇನ್ನೂ ಸ್ವಲ್ಪ ಕಾಲೆಳೆದರೆ ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆ. ವಾಹನಗಳ ಭಯ ಸುಳ್ಳಲ್ಲ, ಅದಕ್ಕೆ ಜೊತೆಗೆ ನೀನೋ ನಿನ್ನ ಗಂಡನೋ ಹೋಗಿ. ಬೆಳಗಿನ ಆ ಬೆಳಕು ಕಣ್ಣಿಗೂ ಬೇಕು. ಚೀನಾದ ಗುವಾಂಗ್ಝೌನಲ್ಲಿ ಒಂದನೇ ತರಗತಿಯ ಮಕ್ಕಳನ್ನು ಶಾಲಾ ದಿನಗಳಲ್ಲಿ 40 ನಿಮಿಷ ಹೆಚ್ಚಾಗಿ ಹೊರಗೆ ಆಡಲು ಬಿಟ್ಟರು. ಮೂರು ವರ್ಷದಲ್ಲಿ ಆ ಮಕ್ಕಳಲ್ಲಿ ಸಮೀಪದೃಷ್ಟಿ ಬಂದದ್ದು ನೂರಕ್ಕೆ ಸುಮಾರು 30 ಮಂದಿಗೆ; ಹಾಗೆ ಬಿಡದ ಶಾಲೆಗಳಲ್ಲಿ ಸುಮಾರು 40 ಮಂದಿಗೆ. 2015ರಲ್ಲಿ ಪ್ರಕಟವಾದ ಅಧ್ಯಯನ ಇದು. ಇಷ್ಟು ಚಿಕ್ಕ ವಯಸ್ಸಿಗೇ ಕನ್ನಡಕ ಹಾಕಿದ ಮಕ್ಕಳನ್ನು ನೋಡಿದಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ.

ಒಂದು ದಿನ ನಡೆದರೆ ಸಾಲದು, ಅದು ಅಭ್ಯಾಸವಾಗಬೇಕು. ಅಭ್ಯಾಸದ ಬಲ ತಿಳಿಯಬೇಕೆಂದರೆ ನಮ್ಮೂರಿನ ಕಥೆಯೇ ಇದೆ. ಯೋಗಾಚಾರ್ಯ ಬಿ.ಕೆ.ಎಸ್. ಅಯ್ಯಂಗಾರ್ 1918ರಲ್ಲಿ ಕೋಲಾರದ ಕಡೆಯ ಬೆಳ್ಳೂರಿನಲ್ಲಿ ಹುಟ್ಟಿದಾಗ ಎಲ್ಲೆಡೆ ಇನ್‌ಫ್ಲುಯೆಂಜಾ. ಆಮೇಲೆ ಮಲೇರಿಯಾ, ಟೈಫಾಯ್ಡ್, ಕ್ಷಯ. ಸೊರಗಿ ಹೋಗಿದ್ದ ಹುಡುಗ 1934ರಲ್ಲಿ ಮೈಸೂರಿಗೆ, ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದ ಭಾವ ತಿರುಮಲೈ ಕೃಷ್ಣಮಾಚಾರ್ಯರ ಬಳಿಗೆ ಬಂದ. ಅಲ್ಲಿ ಯೋಗ ಕಲಿತ ಅಯ್ಯಂಗಾರರು 95ನೇ ವಯಸ್ಸಿನವರೆಗೆ ಬಾಳಿದರು, ಲೋಕಕ್ಕೇ ಯೋಗ ಕಲಿಸಿದರು. ಗುರು ಕೃಷ್ಣಮಾಚಾರ್ಯರ ಕಟ್ಟುನಿಟ್ಟು ನಿನ್ನ ಮಗನಿಗೆ ಬೇಡವೇ ಬೇಡ. ದಿನಾ ಅದೇ ಹೊತ್ತಿಗೆ ಅದೇ ಕೆಲಸ ಎನ್ನುವುದನ್ನಷ್ಟೇ ತೆಗೆದುಕೋ.

ನಡೆದು ಬಂದ ಮಗು ತಾನೇ ಊಟ ಕೇಳುತ್ತದೆ. ಆಗ ರಾಗಿ ರೊಟ್ಟಿ ಕೊಡು, ಸಿಕ್ಕಿದಾಗ ನಂಜನಗೂಡು ರಸಬಾಳೆ ಕೊಡು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಡಬ್ಬಿಯ ಪುಡಿಗೆ ದುಡ್ಡು ಸುರಿಯಬೇಡ. ಎಷ್ಟು ತಿನ್ನಬೇಕೆಂಬುದು ಅವನಿಗೇ ಬಿಟ್ಟ ವಿಷಯ. ಒಂದು ದಿನ ಅರ್ಧ ರೊಟ್ಟಿ ತಿಂದು ಎದ್ದರೆ ಏನೂ ಮುಳುಗಿಹೋಗುವುದಿಲ್ಲ.

ಮೊಬೈಲ್ ವಿಷಯದಲ್ಲಿ ಮಾತ್ರ ನಾನು ಮೆತ್ತಗೆ ಹೇಳಲಾರೆ. ಊಟದ ಹೊತ್ತಿಗೆ ಮನೆಯ ಎಲ್ಲ ಫೋನುಗಳೂ ಬೇರೆ ಕೋಣೆಯಲ್ಲಿರಲಿ. ನಿನ್ನದೂ, ನಿನ್ನ ಗಂಡನದೂ, ಅತ್ತೆಮಾವಂದಿರದೂ. ಅಪ್ಪ ನೋಡಬಹುದು, ನಾನು ಮಾತ್ರ ಯಾಕೆ ನೋಡಬಾರದು ಎಂದು ಮಗು ಕೇಳಿದರೆ ನ್ಯಾಯ ಅದರ ಕಡೆಗೇ ಇದೆ.

ಮೊದಲ ವಾರ ಅವನು ಅಳುತ್ತಾನೆ, ಹಟ ಮಾಡುತ್ತಾನೆ. ಹೆದರಬೇಡ, ಹೊಡೆಯಲೂ ಬೇಡ. ಬರುವ ಸೋಮವಾರ ಸ್ಕೂಟರಿನ ಕೀಲಿ ಗೂಡಿನಲ್ಲೇ ಇರಲಿ. ಅವನ ಕೈ ಹಿಡಿದುಕೊಂಡು ಹೊರಡು.

ನಿನ್ನ ಪ್ರೀತಿಯ,
ದೊಡ್ಡಮ್ಮ