ಹಿರಿಯರು ಬೀಳದಂತೆ ನೋಡಿಕೊಳ್ಳೋಣ

"ಸ್ವಲ್ಪ ಕಾಲು ಜಾರಿತು ಅಷ್ಟೇ, ಏನೂ ಆಗಿಲ್ಲ." ಅಪ್ಪ ಅಮ್ಮಂದಿರ ಈ ಮಾತು ನಮಗೆಲ್ಲ ಪರಿಚಿತ. ಮಕ್ಕಳಿಗೆ ತೊಂದರೆಯಾಗಬಾರದೆಂದು ಅವರು ಮುಚ್ಚಿಡುತ್ತಾರೆ. ಕೆಲಸದ ಗಡಿಬಿಡಿಯಲ್ಲಿ ನಾವೂ ಮರೆಯುತ್ತೇವೆ. ಆದರೆ ಒಮ್ಮೆ ಬಿದ್ದವರು ಮತ್ತೆ ಬೀಳುವ ಸಂಭವ ಹೆಚ್ಚು. ಆದ್ದರಿಂದ ಮೊದಲ ಸಲ ಜಾರಿದಾಗಲೇ ನಾವು ಎಚ್ಚೆತ್ತುಕೊಳ್ಳಬೇಕು.

65 ದಾಟಿದವರಲ್ಲಿ ಸುಮಾರು ಮೂವರಿಗೊಬ್ಬರು ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆ. ಆಸ್ಟ್ರೇಲಿಯಾದಲ್ಲಿ ಗಾಯಗೊಂಡು ಆಸ್ಪತ್ರೆ ಸೇರುವುದಕ್ಕೆ ಬೀಳುವುದೇ ಮೊದಲ ಕಾರಣ. ಪೆಂಡಲ್ ಹಿಲ್‌ನವರಾದ ನಮಗೆ ವೆಸ್ಟ್‌ಮೀಡ್ ಆಸ್ಪತ್ರೆ ಹತ್ತಿರವೇ ಇದೆ. ಆದರೂ ತುರ್ತು ವಿಭಾಗದಲ್ಲಿ ಸರದಿ ನಿರ್ಧಾರವಾಗುವುದು ಬಂದ ಕ್ರಮದಲ್ಲಲ್ಲ, ರೋಗಿಯ ಸ್ಥಿತಿ ನೋಡಿ. ಬಿದ್ದ ಹಿರಿಯರಿಗೆ ಎಕ್ಸ್‌ರೇ, ಸ್ಕ್ಯಾನ್, ರಕ್ತಪರೀಕ್ಷೆ ಬೇಕಾಗಬಹುದು; ಬಿದ್ದದ್ದೇಕೆ ಎಂದೂ ನೋಡಬೇಕು. ಇದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಒಬ್ಬರು ಬೀಳುವುದನ್ನು ತಪ್ಪಿಸಿದರೆ ಇನ್ನೊಬ್ಬ ರೋಗಿಗೆ ಒಂದು ಹಾಸಿಗೆ ಸಿಕ್ಕಂತೆ.

ವಿಸಿಟರ್ ವೀಸಾದಲ್ಲಿ ಬಂದ ತಂದೆತಾಯಿಯರಿಗೆ ಮೆಡಿಕೇರ್ ಇಲ್ಲ. ಆಂಬ್ಯುಲೆನ್ಸ್‌ಗೂ ಹಣ ತೆರಬೇಕು. ವಿಮೆ ಕೊಳ್ಳುವಾಗ ಇದನ್ನು ನೆನಪಿಡಿ.

ಮನೆಯಲ್ಲಿ ಮಾಡಬೇಕಾದದ್ದು ಹೆಚ್ಚೇನಿಲ್ಲ:

1. ಬಚ್ಚಲಮನೆಯಲ್ಲಿ ಜಾರದ ಮ್ಯಾಟ್, ಗೋಡೆಗೆ ಭದ್ರವಾದ ಹಿಡಿಕೆ ಇರಲಿ. ಟವೆಲ್ ಕಂಬಿ ಮೈಭಾರ ತಡೆಯುವುದಿಲ್ಲ.
2. ರಾತ್ರಿ ಟಾಯ್ಲೆಟ್ ದಾರಿಯಲ್ಲಿ ದೀಪವಿರಲಿ.
3. ಬರಿಯ ಕಾಲುಚೀಲ, ಸವೆದ ಹವಾಯಿ ಚಪ್ಪಲಿ ಬೇಡ. ಸೀರೆ, ಪಂಚೆ ನೆಲಕ್ಕೆ ತಾಗದಿರಲಿ.
4. ಬಿಪಿ ಮತ್ತು ನಿದ್ರೆ ಮಾತ್ರೆಗಳಿಂದ ತಲೆಸುತ್ತು ಬರುತ್ತದೆಯೇ ಎಂದು ಡಾಕ್ಟರನ್ನು ಕೇಳಿ. ಎದ್ದಕೂಡಲೇ ನಡೆಯದೆ, ಕ್ಷಣ ಕುಳಿತು ನಂತರ ನಿಲ್ಲಲಿ.
5. ಕಣ್ಣಿನ ಪರೀಕ್ಷೆ ತಪ್ಪಿಸಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಕಾಲಿನ ಬಲ. ಊರಿನಲ್ಲಿ ದೇವಸ್ಥಾನ, ಮಾರುಕಟ್ಟೆ ಎಂದು ನಡೆಯುತ್ತಿದ್ದವರು ಇಲ್ಲಿ ದಿನವಿಡೀ ಸೋಫಾದಲ್ಲಿ ಕುಳಿತರೆ ಸ್ನಾಯು ಸೊರಗುತ್ತದೆ. ಸಿಡ್ನಿಯಲ್ಲಿ ರೂಪುಗೊಂಡ 'ಸ್ಟೆಪಿಂಗ್ ಆನ್' ಎಂಬ ಏಳು ವಾರಗಳ ತರಗತಿಯಲ್ಲಿ ಸಮತೋಲನದ ವ್ಯಾಯಾಮ ಮತ್ತು ಮನೆಯ ಸುರಕ್ಷತೆಯನ್ನು ಕಲಿಸುತ್ತಾರೆ. ಇದರಿಂದ ಬೀಳುವುದು ಶೇ. 31ರಷ್ಟು ಕಡಿಮೆಯಾದದ್ದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂದಿದೆ. ಈ ತರಗತಿ ನಮ್ಮ ರಾಜ್ಯದಲ್ಲಿ ಉಚಿತ. ನಿಮ್ಮ ಜಿಪಿಯನ್ನು ವಿಚಾರಿಸಿ.

ಯಾರಾದರೂ ಬಿದ್ದರೆ ಗಾಬರಿಯಿಂದ ಎತ್ತಬೇಡಿ. ಏಳಲಾಗದಿದ್ದರೆ, ಸೊಂಟದಲ್ಲಿ ತೀವ್ರ ನೋವಿದ್ದರೆ, ಪ್ರಜ್ಞೆ ತಪ್ಪಿದರೆ 000ಗೆ ಕರೆ ಮಾಡಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರ ತಲೆಗೆ ಪೆಟ್ಟಾದರೆ, ಚೆನ್ನಾಗಿಯೇ ಇದ್ದಂತೆ ಕಂಡರೂ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿ ಕನ್ನಡ ದುಭಾಷಿ ಬೇಕೆಂದು ಕೇಳಬಹುದು.

ಇಂದೇ ಮನೆಯ ಹಿರಿಯರನ್ನು ವಿಚಾರಿಸೋಣ: "ಈಚೆಗೆ ಎಲ್ಲಾದರೂ ಜಾರಿದಿರಾ?" ಗದರದೆ ಕೇಳಿದರೆ ನಿಜ ಹೇಳುತ್ತಾರೆ.