ಗುರುವಿನ ನಕಲಾಗದ ಶಿಷ್ಯರು: ಒಂದು ಪಾಠದ ಅನುಭವ

ತರಗತಿ: 8. ವಿಷಯ: ಚಿತ್ರಕಲೆ. ಅವಧಿ: 40 ನಿಮಿಷ. ಸ್ಥಳ: ಬಸವನಗುಡಿಯ ಒಂದು ಪ್ರೌಢಶಾಲೆ.

ಉದ್ದೇಶ: ಕಲಾವಿದ, ಶಿಕ್ಷಕ ಆರ್.ಎಂ. ಹಡಪದರ ಪರಿಚಯದ ಮೂಲಕ ಸ್ವಂತ ನೋಟದ ಬೆಲೆ ತಿಳಿಸುವುದು.

ವಿಷಯ ಮಂಡನೆ: ಹಡಪದರು 1936ರಲ್ಲಿ ಬಾದಾಮಿಯಲ್ಲಿ ಹುಟ್ಟಿದರು. 1960ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ಕೆನ್ ಕಲಾಶಾಲೆ ಕಟ್ಟಿದರು. 2003ರಲ್ಲಿ ತೀರಿಕೊಂಡರು. ಇಷ್ಟನ್ನು ಕಪ್ಪುಹಲಗೆಯ ಮೇಲೆ ಬರೆದು, ಅವರ ಇಬ್ಬರು ಶಿಷ್ಯರ ಕೃತಿಗಳ ಮುದ್ರಿತ ಚಿತ್ರಗಳನ್ನು ತೋರಿಸಿದೆ. ಜೆ.ಎಂ.ಎಸ್. ಮಣಿ ಬಾದಾಮಿಯ ಜನರನ್ನು ಗಾಢ ಬಣ್ಣಗಳಲ್ಲಿ ಚಿತ್ರಿಸಿದರು. ಮುಂದೆ ಅದೇ ಶಾಲೆಯನ್ನು ನಡೆಸಿದರು. ಶೀಲಾ ಗೌಡ ಬರೋಡಾ, ಶಾಂತಿನಿಕೇತನಗಳಲ್ಲಿ ಓದು ಮುಂದುವರಿಸಿ, ಸಗಣಿ, ದಾರ, ಕುಂಕುಮಗಳಿಂದ ಕೃತಿ ಕಟ್ಟಿದರು. "ಇಬ್ಬರಿಗೂ ಒಬ್ಬರೇ ಮೇಷ್ಟ್ರಾ ಮಿಸ್?" ಎಂದು ಒಬ್ಬಳು ಕೇಳಿದಳು. ಪಾಠದ ತಿರುಳು ಆ ಪ್ರಶ್ನೆಯಲ್ಲೇ ಇತ್ತು.

ಚಟುವಟಿಕೆ: ಹಲಗೆಯ ಮೇಲೆ ಮಾದರಿ ಚಿತ್ರ ಬರೆಯಲಿಲ್ಲ. ಕಡಲೆಕಾಯಿ ಪರಿಷೆಯಲ್ಲಿ ನೀವು ಕಂಡದ್ದನ್ನು ಬರೆಯಿರಿ ಎಂದೆ. ಒಬ್ಬ ದೊಡ್ಡ ಬಸವಣ್ಣನ ಕಿವಿಯನ್ನಷ್ಟೇ ಹಾಳೆ ತುಂಬ ಬರೆದ. ಇನ್ನೊಬ್ಬಳು ಕಾಯಿ ಅಳೆಯುವ ಸೇರನ್ನೂ ಅದನ್ನು ಹಿಡಿದ ಕೈಯನ್ನೂ ಬರೆದಳು.

ಮೌಲ್ಯಮಾಪನ: ಅಂಕಪಟ್ಟಿಯಲ್ಲಿ 'ಮಾದರಿಗೆ ಹೋಲಿಕೆ' ಎಂಬ ಅಂಶವಿದ್ದರೆ ಈ ಇಬ್ಬರಿಗೂ ಸೊನ್ನೆ. ಅದರ ಬದಲು ಗಮನಿಸುವಿಕೆ, ರೇಖೆ, ಆಯ್ಕೆ ಎಂಬ ಮೂರಕ್ಕೆ ಅಂಕ ಹಂಚಿದೆ.

ಚಿಂತನೆ: ಮಕ್ಕಳ ಚಿತ್ರಗಳೆಲ್ಲ ಒಂದೇ ತೆರನಾಗಿದ್ದರೆ ವೀಕ್ಷಕರಿಗೆ ತರಗತಿ ಶಿಸ್ತಿನದಾಗಿ ಕಾಣುತ್ತದೆ. ಆದರೆ ಅಲ್ಲಿ ಕಾಣುವುದು ಶಿಕ್ಷಕರ ಕೈ ಮಾತ್ರ. ಹಡಪದರ ಶಿಷ್ಯರ ಕೃತಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ, ಕಲಿಸಿದವರ ಗುರುತು ಹೋಲಿಕೆಯಲ್ಲಿ ಸಿಗುವುದಿಲ್ಲ. ಇಬ್ಬರಿಗೂ ದಕ್ಕಿದ ಸ್ವಾತಂತ್ರ್ಯದಲ್ಲಿ ಸಿಗುತ್ತದೆ.